ಬೇಲಿಯ ಓತಿ, ಬಂಡೆಯ ಓತಿ: ಯಾರಿಗೆ ಯಾರು ನೆಂಟರು?

ಉಡುಪಿ ಕಡೆ ಯಾರ ತೋಟಕ್ಕೆ ಹೋದರೂ ನನ್ನ ಕ್ಯಾಮೆರಾ ಕಂಡ ಕೂಡಲೇ ಈ ಪ್ರಶ್ನೆ ಬರುತ್ತದೆ: "ಬೇಲಿಯ ಓತಿಕ್ಯಾತ ಒಂದು ನಮೂನೆ, ಅಡಿಕೆ ಮರದ ಹಾರುವ ಓತಿ ಇನ್ನೊಂದು ನಮೂನೆ, ಘಟ್ಟ ಹತ್ತಿದರೆ ಮತ್ತೂ ಬೇರೆ. ಇವೆಲ್ಲ ಸಂಬಂಧಿಕರು ಅಂತೀರಲ್ಲ, ಹೇಗೆ ಮಾರಾಯ್ರೆ?"

ಸಂಬಂಧಿಕರು ಹೌದು. ಎಲ್ಲವೂ ಅಗಾಮಿಡೇ ಕುಟುಂಬದ ಡ್ರಾಕೊನಿನೇ ಎಂಬ ಒಂದೇ ಕವಲಿನವು. ಆದರೆ ಮುಖ ನೋಡಿ ನೆಂಟಸ್ತಿಕೆ ಹೇಳಲು ಹೊರಟರೆ ಮೋಸ ಹೋಗುತ್ತೇವೆ. ಮೈಯನ್ನು ತಿದ್ದುವುದು ಬದುಕುವ ಜಾಗ.

ಹಾರುವ ಓತಿಯನ್ನೇ ನೋಡಿ. ಕಾಂಡಕ್ಕೆ ಅಂಟಿ ಕುಳಿತಾಗ ತೊಗಟೆಯೇ ಸರಿ. ಗಂಡು ಗಂಟಲಿನ ಹಳದಿ ಚೀಲವನ್ನು ಫಕ್ಕನೆ ಬಿಚ್ಚಿ ಮಡಚಿದಾಗಲೇ ಜೀವವಿದೆ ಎಂದು ಗೊತ್ತಾಗುವುದು. ಅದರ ರೆಕ್ಕೆ ಎಂದರೆ ಉದ್ದಕ್ಕೆ ಬೆಳೆದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮ, ಅಷ್ಟೇ. ಬೇಲಿಯ ಓತಿಗೂ ಪಕ್ಕೆಲುಬು ಉಂಟು, ಹಾರುವ ಕೆಲಸವಿಲ್ಲ.

ಇದಕ್ಕೆ ತಿರುಗಾಮುರುಗಾ ಕಥೆ ಬಂಡೆಯದು. ನಂದಿಬೆಟ್ಟದಂಥ ಕಡೆ ಕಾಣುವ ಕಲ್ಲು ಓತಿ, ಅಂದರೆ ಸಾಮೊಫಿಲಸ್, ಚಪ್ಪಟೆ ಮೈಯದು. ಹಿಮಾಲಯದ ಬಂಡೆಗಳ ಲೌಡಾಕಿಯಾ ಕೂಡ ಹಾಗೆಯೇ. ಅಣ್ಣತಮ್ಮ ಅನ್ನಬೇಕು! ಆದರೆ ಸಾಮೊಫಿಲಸ್ ನಮ್ಮ ಬೇಲಿಯ ಓತಿಕ್ಯಾತನಿಗೇ ಹತ್ತಿರ. ಲೌಡಾಕಿಯಾದ ಹತ್ತಿರದವು ಆಫ್ರಿಕಾದ ಅಗಾಮಾ ಎಂಬ ಓತಿಗಳ ಕವಲಿನಲ್ಲಿವೆ. ಬಂಡೆಯ ಬಿರುಕಿಗೆ ನುಸುಳಬೇಕಾದ್ದರಿಂದ ಎರಡೂ ಬೇರೆ ಬೇರೆಯಾಗಿ ಚಪ್ಪಟೆಯಾದವು.

ಎತ್ತರದ ಚಳಿಯೂ ಎಲ್ಲರನ್ನೂ ಒಂದೇ ರೀತಿ ತಿದ್ದುವುದಿಲ್ಲ. ಶ್ರೀಲಂಕಾದ ಬೆಟ್ಟಗಳ ಕೊಫೋಟಿಸ್ ಎಂಬ ಓತಿ ಮೊಟ್ಟೆ ಇಡದೆ ಮರಿ ಹಾಕುತ್ತದೆ. ನೀಲಗಿರಿಯ ಶೋಲಾ ಕಾಡಿನ ಸಲಿಯಾ ಎಂಬ ಓತಿ ಅಷ್ಟು ಚಳಿಯಲ್ಲೂ ಮೊಟ್ಟೆಯನ್ನೇ ಇಡುತ್ತದೆ.

ತಜ್ಞರಿಗೂ ಇದು ಸುಲಭವಲ್ಲ. ಆಗುಂಬೆ ಕಡೆಯ ಕಾಡಿನ ಒಂದು ಓತಿಗೆ 1837ರಲ್ಲಿ ಕಲೋಟಿಸ್ ರೂಕ್ಸಿ ಎಂದು ಹೆಸರಿಟ್ಟು, ಬೇಲಿಯ ಓತಿಯ ಕುಲಕ್ಕೇ ಸೇರಿಸಿದ್ದರು. 2018ರಲ್ಲಿ ಡಿಎನ್‌ಎ, ತಲೆಬುರುಡೆಯ ಮೂಳೆ ಎಲ್ಲ ಹೋಲಿಸಿ ನೋಡಿದ ಮೇಲೆ ಅದನ್ನು ಮೊನಿಲೆಸಾರಸ್ ಎಂಬ ಹೊಸ ಕುಲಕ್ಕೆ ಒಯ್ದರು.

ಕೊನೆಗೆ ಯಾರಾದರೂ ಕೇಳಿಯೇ ಕೇಳುತ್ತಾರೆ: "ಓತಿಕ್ಯಾತ ಬಣ್ಣ ಬದಲಿಸ್ತದಲ್ಲ, ಹಾಗಾದ್ರೆ ಗೋಸುಂಬೆಗೆ ನೆಂಟನಾ?" ನೆಂಟನೇ, ಗೋಡೆಯ ಹಲ್ಲಿಗಿಂತ ತುಂಬಾ ಹತ್ತಿರದವನು. ಆದರೆ ಸಾಕ್ಷಿ ಬಣ್ಣವಲ್ಲ, ಬಾಯಿಯೊಳಗಿದೆ: ಇಬ್ಬರಿಗೂ ಬಹುಪಾಲು ಹಲ್ಲುಗಳು ದವಡೆ ಮೂಳೆಯ ಅಂಚಿಗೇ ಬೆಸೆದುಕೊಂಡಿವೆ.