ಕಾಫಿ ಗಿಡವೇ ಇಲ್ಲದ ಊರು: ಟ್ರಿಯೆಸ್ಟೆಯಿಂದ ಚಿಕ್ಕಮಗಳೂರಿನವರಿಗೆ

ಇಟಲಿಯ ಈ ಬಂದರಿನಲ್ಲಿ ಕಾಫಿ ಬೆಳೆಯುವುದಿಲ್ಲ. ಆದರೂ ಇಲ್ಲಿಯವರಿಗೆ ಕಾಫಿಯೇ ದೊಡ್ಡ ಕಸುಬು. ಎಸ್‌ಪ್ರೆಸೊ ಬೇಕಾದರೆ ‘ನೆರೊ’ ಅಂತ ಕೇಳಬೇಕು, ಅದಕ್ಕೆ ತುಸು ಹಾಲು ಬೇಕಾದರೆ ‘ಕಾಪೊ’. ಟ್ರಿಯೆಸ್ಟೆ ಮುಕ್ತ ಬಂದರಾಗಿದ್ದು 1719ರಲ್ಲಿ. 1933ರಲ್ಲಿ ಫ್ರಾಂಚೆಸ್ಕೊ ಇಲ್ಲಿ (Illy) ಎಂಬುವರು ಈ ಊರಲ್ಲಿ ಕಟ್ಟಿದ ಕಾಫಿ ಕಂಪನಿ ‘illy’ ಜಗತ್ತಿಗೇ ಗೊತ್ತು. ಆದರೆ ಊರನ್ನು ಹಿಡಿದಿಟ್ಟಿರುವುದು ಅದರ ಸುತ್ತ ಒತ್ತೊತ್ತಾಗಿರುವ ಸಣ್ಣ ಕಸುಬುಗಳು: ಗೋದಾಮು, ಬೀಜ ಶುಚಿ ಮಾಡುವುದು, ಕೆಫೀನ್ ತೆಗೆಯುವುದು, ರುಚಿ ಪರೀಕ್ಷೆ, ಯಂತ್ರ ರಿಪೇರಿ.

ಹುರಿದರೆ ಬೀಜದ ತೂಕ ನೂರಕ್ಕೆ 15ರಿಂದ 20ರಷ್ಟು ಇಳಿಯುತ್ತದೆ, ಕೆಲವೇ ವಾರಗಳಲ್ಲಿ ಘಮವೂ ಹೋಗುತ್ತದೆ. ಹಸಿ ಬೀಜ ತಿಂಗಳುಗಟ್ಟಲೆ ತಡೆಯುತ್ತದೆ. ಹಾಗಾಗಿ ಹುರಿಯುವ ಕೆಲಸ ಕುಡಿಯುವವರ ಹತ್ತಿರವೇ ನಿಲ್ಲುತ್ತದೆ. ಅದನ್ನು ಪೂರ್ತಿ ನಮ್ಮೂರಿಗೆ ಎಳೆದು ತರುತ್ತೇವೆ ಅನ್ನುವುದು ಕಷ್ಟದ ಮಾತು. ನಮ್ಮಲ್ಲೇ ಉಳಿಸಿಕೊಳ್ಳಬಹುದಾದದ್ದು ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಶುಚಿ ಮಾಡುವುದು), ಗ್ರೇಡಿಂಗ್ ಮತ್ತು ಪರೀಕ್ಷೆ.

ಓಟಿಯನ್ನೇ (ಔಟ್‌ಟರ್ನ್, ಅಂದರೆ ಒಂದು ಮೂಟೆಯಿಂದ ಎಷ್ಟು ಕೆಜಿ ಬೀಜ ಸಿಗುತ್ತದೆ ಅನ್ನುವ ಲೆಕ್ಕ) ನೋಡಿ. 50 ಕೆಜಿ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮೂಟೆಗೆ 26 ಕೆಜಿ ಬದಲು 28 ಕೆಜಿ ಬಂದರೆ, 200 ಮೂಟೆಗೆ 400 ಕೆಜಿ ಬೀಜದ ವ್ಯತ್ಯಾಸ. ಅಳೆಯುವವರೂ ಕೊಳ್ಳುವವರೂ ಒಬ್ಬರೇ ಆಗಿದ್ದರೆ ಬೆಳೆಗಾರ ಏನು ವಾದ ಮಾಡಿಯಾನು? ಊರಲ್ಲೇ ಬೇರೆಯವರ ಲ್ಯಾಬ್ ಇರಬೇಕು. ಸ್ಯಾಂಪಲ್ಲನ್ನು ಮೇಲಿನ ಒಂದೇ ಮೂಟೆಯಿಂದ ತೆಗೆಯಬೇಡಿ. ಹಲವು ಮೂಟೆಗಳ ಮೇಲೆ, ನಡುವೆ, ತಳದಿಂದ ತೆಗೆದು ಬೆರೆಸಿ, ಎರಡು ಪಾಲು ಮಾಡಿ, ಗಾಳಿ ಆಡದಂತೆ ಸೀಲ್ ಮಾಡಿ. ಒಂದು ಪಾಲು ನಿಮ್ಮ ಹತ್ತಿರವೇ ಇರಲಿ. ಪ್ಲಾಸ್ಟಿಕ್ ಕವರಿನಲ್ಲಿ ಜೀಪಿನೊಳಗೆ ಬಿಸಿಲಿಗೆ ಬಿಟ್ಟರೆ ಬೀಜ ಬೆವರಿ ತೇವಾಂಶದ ಲೆಕ್ಕವೇ ಕೆಡುತ್ತದೆ.

ಲ್ಯಾಬ್ ಆಗಲಿ ಮೆಕ್ಯಾನಿಕ್ ಆಗಲಿ ಊರಲ್ಲಿ ನಿಲ್ಲದಿರಲು ಕಾರಣ ಸೀಸನ್. ನಮ್ಮ ಕೊಯ್ಲು ನವೆಂಬರಿನಿಂದ ಮಾರ್ಚ್. ಆಗ ಎಲ್ಲರಿಗೂ ಒಟ್ಟಿಗೇ ಅವಸರ, ಉಳಿದ ತಿಂಗಳು ಕೆಲಸ ಕಡಿಮೆ. ಕಲರ್ ಸಾರ್ಟರ್ (ಬಣ್ಣ ನೋಡಿ ಬೀಜ ಬೇರ್ಪಡಿಸುವ ಯಂತ್ರ) ಕೆಟ್ಟರೆ ಬೆಂಗಳೂರಿನಿಂದ ಜನ ಬರುವ ತನಕ ಮೂಟೆಗಳು ಕಾಯಬೇಕು. ಟ್ರಿಯೆಸ್ಟೆಗೆ ಈ ತಾಪತ್ರಯವಿಲ್ಲ, ಅಲ್ಲಿಗೆ ಬೇರೆ ಬೇರೆ ದೇಶಗಳ ಬೀಜ ಬರುತ್ತದೆ. ನಮ್ಮ ಕೊಯ್ಲು ಮುಗಿದ ಮೇಲೆ ಬ್ರೆಜಿಲಿನದು ಶುರುವಾಗುತ್ತದೆ, ಯಂತ್ರಕ್ಕೂ ಮೆಕ್ಯಾನಿಕ್‌ಗೂ ವರ್ಷವಿಡೀ ಕೆಲಸ.

ಹಾಸನದ ಕೈಗಾರಿಕಾ ಪ್ರದೇಶಕ್ಕೆ ಒಂದು ದೊಡ್ಡ ಕಾರ್ಖಾನೆ ಬಂದರೆ ಸಂತೋಷವೇ. ಆದರೆ ಬಿಡಿಭಾಗ, ರಿಪೇರಿ ಎಲ್ಲ ಹೊರಗಿನಿಂದಲೇ ಬರುವುದಾದರೆ ಊರಿಗೆ ಉಳಿಯುವುದು ಬರೀ ಕೂಲಿ. ಕಲ್ಲು ತೆಗೆಯುವ, ತೂಕದ ಮೇಲೆ ಬೇರ್ಪಡಿಸುವ ಯಂತ್ರಗಳು ಕಾಫಿಗೂ ಕಾಳುಮೆಣಸಿಗೂ ಆಗುತ್ತವೆ. ಜರಡಿ ಬದಲಿಸಿ, ಚೆನ್ನಾಗಿ ತೊಳೆದು ಒರೆಸಬೇಕು, ಇಲ್ಲದಿದ್ದರೆ ಮೆಣಸಿನ ಘಾಟು ಕಾಫಿಗೆ ಹತ್ತುತ್ತದೆ. ಕಾಫಿ ಮುಗಿದ ತಿಂಗಳುಗಳಲ್ಲಿ ಸಂಗ್ರಹಿಸಿಟ್ಟ ಮೆಣಸು ಆ ಶೆಡ್ಡಿಗೆ ಬಂದರೆ ಮೆಕ್ಯಾನಿಕ್ ಬೆಂಗಳೂರಿಗೆ ಯಾಕೆ ಹೋಗುತ್ತಾನೆ?