ಕ್ಯಾಮೆರಾ ಎಷ್ಟು ಹೊತ್ತಿಗೆ ಕೈಕೊಡುತ್ತೆ, ಅದನ್ನು ಮೊದಲು ಹೇಳಿ

ವೈ-ಫೈ ಕ್ಯಾಮೆರಾ ಸರಿಯಿಲ್ಲ ಅಂತ ಯಾರೇ ಫೋನ್ ಮಾಡಲಿ, ನಾನು ಮೊದಲು ಕೇಳೋದು ಯಾವ ಕಂಪನಿಯದು ಅಂತಲ್ಲ. ಎಷ್ಟು ಹೊತ್ತಿಗೆ ಕೈಕೊಡುತ್ತೆ ಅಂತ. "ಹೊತ್ತೂ ಇಲ್ಲ, ಗೊತ್ತೂ ಇಲ್ಲ, ನೀನು ಬಂದು ನೋಡಪ್ಪಾ" ಅಂದರು ಬೆಂಗಳೂರಿನ ಗಿರಿನಗರದ ಯಜಮಾನರೊಬ್ಬರು. ಹಿಂದಿನಿಂದ ಅವರ ಮನೆಯವರ ದನಿ ಕೇಳಿಸಿತು: "ಸೀರಿಯಲ್ ಟೈಮಲ್ಲಿ ರೀ. ಏಳೂವರೆಗೆ ಶುರುವಾದ್ರೆ ಹತ್ತೂವರೆಗೆ ತಾನಾಗೇ ಸರಿಹೋಗುತ್ತೆ."

ಅರ್ಧ ರಿಪೇರಿ ಅಲ್ಲೇ ಆಯಿತು. ಕ್ಯಾಮೆರಾ ಕೆಟ್ಟಿದ್ದರೆ ಹತ್ತೂವರೆಗೆ ತಾನಾಗೇ ಯಾಕೆ ಸರಿಹೋಗುತ್ತೆ, ಅಲ್ವಾ? ಅದು ಅಕ್ಕಪಕ್ಕದವರೆಲ್ಲ ಕೆಲಸದಿಂದ ಬಂದು ಮೊಬೈಲು, ಟಿವಿಯಲ್ಲಿ ವಿಡಿಯೊ ಹಾಕಿಕೊಳ್ಳುವ ಹೊತ್ತು.

ಮೂವತ್ತು-ನಲವತ್ತರ ಸೈಟು. ಕೆಳಗೆ ಓನರ್, ಮೇಲೆ ಎರಡು ಮಹಡಿ ಬಾಡಿಗೆಗೆ, ಮನೆಗೊಂದು ರೂಟರ್. ಪಕ್ಕದ ಮನೆಗೂ ಇವರದಕ್ಕೂ ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ. ಗೇಟಿನ ಹತ್ತಿರ ನಿಂತು ವೈ-ಫೈ ಅನಲೈಸರ್ ಆ್ಯಪ್ ತೆಗೆದರೆ ಇಪ್ಪತ್ತಕ್ಕೂ ಜಾಸ್ತಿ ಹೆಸರುಗಳು. ಈ ಕ್ಯಾಮೆರಾಗಳಲ್ಲಿ ಮುಕ್ಕಾಲು ಪಾಲು ಓಡೋದು 2.4 ಗಿಗಾಹರ್ಟ್ಸ್ ಅನ್ನೋ ರೇಡಿಯೊ ಪಟ್ಟಿಯಲ್ಲಿ ಮಾತ್ರ. ಅದಕ್ಕೆ ಲೈಸೆನ್ಸ್ ಬೇಕಿಲ್ಲ, ಹಾಗಾಗಿ ಬ್ಲೂಟೂತ್ ಕೂಡ ಅಲ್ಲೇ, ಮೈಕ್ರೋವೇವ್ ಒಲೆ ಸೋರಿಸುವುದೂ ಅಲ್ಲೇ. (ಮೈಕ್ರೋವೇವ್ ಪತ್ತೆ ಸುಲಭ. ಹಾಲು ಬಿಸಿ ಮಾಡುವ ಎರಡು ನಿಮಿಷ ಚಿತ್ರ ನಿಲ್ಲುತ್ತೆ, ಟಣ್ ಅಂದ ಕೂಡಲೇ ಬರುತ್ತೆ. ರೂಟರನ್ನು ಅಡುಗೆಮನೆ ಗೋಡೆಯಿಂದ ದೂರ ಇಡಿ, ಸಾಕು.)

ನನಗಿಂತ ಮುಂಚೆ ಬಂದಿದ್ದ ಹುಡುಗ ರೂಟರನ್ನು 3ನೇ ಚಾನೆಲ್‌ಗೆ, ಅಂದರೆ ಆ ಪಟ್ಟಿಯೊಳಗಿನ ಒಂದು ದಾರಿಗೆ, ಇಟ್ಟು ಹೋಗಿದ್ದ. ಆ್ಯಪ್‌ನಲ್ಲಿ 3 ಖಾಲಿ ಕಾಣುತ್ತಿತ್ತಂತೆ. ಖಾಲಿ ಕಾಣುತ್ತೆ ನಿಜ, ಆದರೆ ಖಾಲಿ ಅಲ್ಲ. ಒಂದು ಚಾನೆಲ್‌ನಿಂದ ಮುಂದಿನದಕ್ಕೆ ಇರುವ ಅಂತರ ಬರೀ 5 ಮೆಗಾಹರ್ಟ್ಸ್. ವೈ-ಫೈ ಹರಡಿಕೊಳ್ಳೋದು 20 ಮೆಗಾಹರ್ಟ್ಸ್. ಹಾಗಾಗಿ ಒಂದರ ಮೇಲೊಂದು ಬೀಳದೆ ಕೂರುವ ಚಾನೆಲ್‌ಗಳು 1, 6, 11, ಮೂರೇ. ನಮ್ಮ ಚಾನೆಲ್‌ನಲ್ಲೇ ಪಕ್ಕದ ಮನೆಯವರೂ ಇದ್ದರೆ ಎರಡು ರೂಟರ್‌ಗಳೂ ಒಬ್ಬರದನ್ನೊಬ್ಬರು ಕೇಳಿಸಿಕೊಂಡು ಸರದಿ ಕಾಯುತ್ತವೆ. ಬೀದಿ ನಲ್ಲಿ ಮುಂದೆ ಬಿಂದಿಗೆ ಸಾಲು ಇಟ್ಟ ಹಾಗೆ, ನಿಧಾನವಾದರೂ ನೀರು ಸಿಗುತ್ತೆ. 3ರಲ್ಲಿ ಕೂತರೆ 1ರವರದೂ 6ರವರದೂ ಇದಕ್ಕೆ ಬರೀ ಗದ್ದಲ. ಇದರದು ಅವರಿಗೆ ಗದ್ದಲ. ಯಾರಿಗೂ ಸುಖವಿಲ್ಲ.

11ಕ್ಕೆ ಹಾಕಿದೆ. ಚಾನೆಲ್ ಅಗಲ 40 ಇತ್ತು, 20ಕ್ಕೆ ಇಳಿಸಿದೆ. ಕ್ಯಾಮೆರಾದಲ್ಲಿ ಸೆಕೆಂಡಿಗೆ 25 ಫ್ರೇಮ್ ಇದ್ದದ್ದನ್ನು 15 ಮಾಡಿ, ವಿಡಿಯೊವನ್ನು ಇನ್ನಷ್ಟು ಕುಗ್ಗಿಸಿ ಕಳಿಸುವ ಹೆಚ್.265ಕ್ಕೆ ಬದಲಿಸಿದೆ. ಗೇಟಿನ ಮುಂದೆ ಯಾರು ಬಂದರು ಅಂತ ನೋಡೋಕೆ ಸಿನಿಮಾ ಕ್ವಾಲಿಟಿ ಬೇಡ. ಕೊನೆಗೆ, ಶೋಕೇಸ್‌ನಲ್ಲಿ ಟಿವಿ ಹಿಂದೆ, ಸ್ಟೀಲ್ ಸಾಮಾನಿನ ಮಧ್ಯೆ ಕೂತಿದ್ದ ರೂಟರನ್ನು ಕಿಟಕಿ ಪಕ್ಕಕ್ಕೆ ತಂದೆ. ಗೇಟಿನ ಹತ್ತಿರ ಸಿಗ್ನಲ್ ಮೈನಸ್ 78 ಇದ್ದದ್ದು ಮೈನಸ್ 65ಕ್ಕೆ ಬಂತು. ನಮ್ಮ ಕೆಲಸದಲ್ಲಿ ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು.

"ಬೂಸ್ಟರ್ ಹಾಕಿಸಿದ್ರೆ ಆಗ್ತಿರಲಿಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ಕಮ್ಮಿ ದುಡ್ಡಿಗೇ ಸಿಗುತ್ತದೆ, ನಿಜ. ಆದರೆ ಸಾದಾ ಬೂಸ್ಟರ್ ಬಂದ ಡೇಟಾವನ್ನು ಅದೇ ಚಾನೆಲ್‌ನಲ್ಲಿ ಇನ್ನೊಂದು ಸಲ ಕೂಗಿ ಹೇಳುತ್ತೆ. ಮೊದಲೇ ಸಂತೆಯಾಗಿರುವ ಕಡೆ ಗಲಾಟೆ ಡಬಲ್. ದೂರ ಜಾಸ್ತಿಯಾಗಿ ಸಿಗ್ನಲ್ ಸಾಲದೆ ಇದ್ದರೆ ಸರಿ. ಗಲಾಟೆಯೇ ಕಾಯಿಲೆಯಾಗಿದ್ದರೆ ಅದು ದಂಡ.

ಇನ್ನೊಂದು ಥರದ ಕೇಸ್ ಇದೆ, ಎಲ್ಲರನ್ನೂ ಏಮಾರಿಸುವಂಥದ್ದು. ಕತ್ತಲಾದ ಕೂಡಲೇ ಹೋಗುತ್ತೆ, ಬೆಳಗ್ಗೆವರೆಗೂ ಬಂದು ಬಂದು ಹೋಗುತ್ತೆ. ಸಿಗ್ನಲ್ ತೊಂದರೆ ಅಂತ ರೂಟರ್ ಬದಲಾಯಿಸಿದವರೂ ಇದ್ದಾರೆ. ಕತ್ರಿಗುಪ್ಪೆಯ ಒಂದು ಮನೆಯಲ್ಲಿ ಮಟಮಟ ಮಧ್ಯಾಹ್ನ ಏಣಿ ಹತ್ತಿ ಕ್ಯಾಮೆರಾದ ಮುಖವನ್ನು ಅಂಗೈಯಿಂದ ಮುಚ್ಚಿದೆ. ಕತ್ತಲಾಯಿತು ಅಂದುಕೊಂಡು ಒಳಗೆ ಟಕ್ ಅಂದಿತು. ಬೆರಳ ಸಂದಿಯಲ್ಲಿ ರಾತ್ರಿ ಲೈಟುಗಳು ಮಂದ ಕೆಂಪಗೆ ಹತ್ತಿಕೊಂಡವು. ಮೊಬೈಲ್‌ನಲ್ಲಿ ಚಿತ್ರ ಕಪ್ಪು-ಬಿಳುಪಾಯಿತು, ಮರುಕ್ಷಣ ಮಾಯ. ಕ್ಯಾಮೆರಾ ರೀಸ್ಟಾರ್ಟ್ ಆಗುತ್ತಿತ್ತು. ಕೈ ತೆಗೆದರೆ ಸರಿ, ಮುಚ್ಚಿದರೆ ಮತ್ತೆ ಅದೇ ಕತೆ.

ವೈ-ಫೈ ಪಾಪ, ಏನೂ ಮಾಡಿರಲಿಲ್ಲ. ಅಡಾಪ್ಟರ್ ಹಾಲ್‌ನಲ್ಲಿ, ಕ್ಯಾಮೆರಾ ಟೆರೇಸ್ ಮೇಲೆ, ನಡುವೆ ಕೂದಲೆಳೆಯಂಥ ವೈರು. ಆ ಲೈಟುಗಳು ಹತ್ತಿದಾಗ ಕರೆಂಟ್ ಜಾಸ್ತಿ ಎಳೆಯುತ್ತವೆ, 12 ವೋಲ್ಟ್ ಅಷ್ಟು ದೂರ ಬರುವಷ್ಟರಲ್ಲಿ ಬಿದ್ದುಹೋಗುತ್ತದೆ. ಟೆರೇಸಿನ ಹತ್ತಿರವೇ ಒಂದು ಪ್ಲಗ್ ಪಾಯಿಂಟ್ ಕೊಡಿಸಿ, 2 ಆಂಪ್ಸ್ ಅಡಾಪ್ಟರ್ ಹಾಕಿದೆ. ಮುಗಿಯಿತು.

ವೈರ್‌ಲೆಸ್ ಅಂತ ಹೆಸರು, ಆದರೂ ಕರೆಂಟಿಗೆ ವೈರ್ ಎಳೀಲೇಬೇಕು. ಎಳೆಯೋದೇ ಆದರೆ ಲ್ಯಾನ್ ಕೇಬಲ್ ಎಳೆದು ಪಿಒಇ ಕ್ಯಾಮೆರಾ ಹಾಕಿಸಿ ಅಂತ ನಾನಂತೂ ಹೇಳುತ್ತೇನೆ. ಕರೆಂಟೂ ಚಿತ್ರವೂ ಒಂದೇ ಕೇಬಲ್‌ನಲ್ಲಿ, 100 ಮೀಟರ್‌ವರೆಗೆ. ಹೊಸ ಮನೆ ಕಟ್ಟಿಸುತ್ತಿದ್ದರೆ ಪ್ಲಾಸ್ಟರಿಂಗ್‌ಗೆ ಮುಂಚೆ ಗೇಟಿಗೊಂದು, ಟೆರೇಸಿಗೊಂದು ಖಾಲಿ ಪೈಪ್ ಹಾಕಿಸಿಬಿಡಿ. ಗ್ರಾನೈಟ್ ಕೂರಿಸಿದ ಮೇಲೆ ಕರೆದರೆ ಕೊರೆಯುವ ಕೂಲಿ ಬೇರೆ, ಧೂಳಿಗೆ ನಿಮ್ಮ ಮನೆಯವರ ಹತ್ತಿರ ನಾನು ತಿನ್ನುವ ಬೈಗುಳ ಬೇರೆ.