ಹನ್ನೆರಡರಲ್ಲಿ ಐದೂವರೆ: ಬದಿಗೆ ಸರಿದ ರ‍್ಯಾಪ್ ಆಲ್ಬಮ್‌ಗಳನ್ನು ಮತ್ತೆ ಕೇಳುವ ಕೆಲಸ ಎಲ್ಲಿಗೆ ಬಂತು

ಬಿಡುಗಡೆಯಾದ ಕಾಲದಲ್ಲಿ ತಕ್ಕಷ್ಟು ಗಮನ ಸಿಗದೆ ಬದಿಗೆ ಸರಿದುಹೋದ ಹನ್ನೆರಡು ಅಮೆರಿಕನ್ ರ‍್ಯಾಪ್ ಆಲ್ಬಮ್‌ಗಳನ್ನು, ತಿಂಗಳಿಗೊಂದರಂತೆ, ಮೊದಲಿನಿಂದ ಕೊನೆಯವರೆಗೆ ಮೂರು ಸುತ್ತು ಕೇಳಬೇಕೆಂದು ಜನವರಿಯಲ್ಲಿ ನಿಶ್ಚಯಿಸಿಕೊಂಡಿದ್ದೆ. ಜೂನ್ ಮುಗಿಯುತ್ತಿರುವ ಈ ಹೊತ್ತಿಗೆ ಐದು ಪೂರ್ತಿಯಾಗಿವೆ. ಆರನೆಯದರ ಕೊನೆಯ ಸುತ್ತು ಬಾಕಿ ಇದೆ. ಇವೆಲ್ಲ ನನಗೆ ಹೊಸವೇನಲ್ಲ. ಹದಿನೈದು ವರ್ಷಗಳ ಹಿಂದೆ ಹಾಸ್ಟೆಲಿನ ಗೆಳೆಯನೊಬ್ಬನ ಹಾರ್ಡ್ ಡಿಸ್ಕಿನಿಂದ ಒಂದೇ ರಾತ್ರಿ ನಕಲು ಮಾಡಿಕೊಂಡು, ಪರೀಕ್ಷೆಯ ಓದಿನ ನಡುವೆ ಅರ್ಧಂಬರ್ಧ ಕೇಳಿ, ‘ಪರವಾಗಿಲ್ಲ’ ಎಂದು ತೀರ್ಪು ಕೊಟ್ಟು ಮುಚ್ಚಿಟ್ಟವು ಇವು. ಆ ತೀರ್ಪು ಸರಿಯಾಗಿತ್ತೇ ಎಂದು ಪರೀಕ್ಷಿಸಿಕೊಳ್ಳುವುದೇ ಈ ಕೆಲಸದ ಉದ್ದೇಶ.

ನಿಯಮಗಳು ಸರಳವಾಗಿವೆ. ಮೊದಲ ಸುತ್ತಿನಲ್ಲಿ ಹಾಡುಗಳ ಸಾಹಿತ್ಯವನ್ನು ಎದುರಿಗಿಟ್ಟುಕೊಳ್ಳುವಂತಿಲ್ಲ. ಎರಡನೆಯ ಸುತ್ತಿನಲ್ಲಿ ಸಾಹಿತ್ಯವನ್ನು ನೋಡುತ್ತ, ಇನ್ನೂರು ಪುಟದ ಗೆರೆಪುಸ್ತಕವೊಂದರಲ್ಲಿ ಬಣ್ಣದ ಪೆನ್ಸಿಲ್‌ಗಳಿಂದ ಪ್ರಾಸಗಳನ್ನು ಗುರುತು ಮಾಡಿಕೊಳ್ಳುತ್ತೇನೆ. ಮೂರನೆಯದು ಕನಿಷ್ಠ ಒಂದು ವಾರ ಕಳೆದ ಮೇಲೆ, ಪುಸ್ತಕವಿಲ್ಲದೆ, ಸಂಜೆಯ ನಡಿಗೆಯಲ್ಲಿ.

ಜನವರಿಯ ಆಲ್ಬಮ್ ಆರ್ಗನೈಜ್ಡ್ ಕನ್‌ಫ್ಯೂಷನ್ ಜೋಡಿಯ ‘ಸ್ಟ್ರೆಸ್: ದ ಎಕ್ಸ್‌ಟಿಂಕ್ಷನ್ ಅಜೆಂಡಾ’. ಇದು ಕಡೆಗಣನೆಗೆ ಒಳಗಾದದ್ದಕ್ಕೆ ಸಂಗೀತ ಕಾರಣವಲ್ಲ, ಪಂಚಾಂಗ ಕಾರಣ. 1994ರ ಏಪ್ರಿಲ್‌ನಲ್ಲಿ ನಾಸ್‌ನ ‘ಇಲ್ಮ್ಯಾಟಿಕ್’, ಸೆಪ್ಟೆಂಬರ್‌ನಲ್ಲಿ ನಟೋರಿಯಸ್ ಬಿ.ಐ.ಜಿ.ಯ ‘ರೆಡಿ ಟು ಡೈ’ ಬಂದವು; ನ್ಯೂಯಾರ್ಕಿನವೇ ಆದ ಈ ಎರಡು ಆಲ್ಬಮ್‌ಗಳು ಎಲ್ಲರ ಕಿವಿ ಸೆಳೆದುಕೊಂಡವು. ಅದೇ ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದ ಈ ಜೋಡಿ, ಫ್ಯಾರೋ ಮಾಂಚ್ ಮತ್ತು ಪ್ರಿನ್ಸ್ ಪೋ, ತಮ್ಮ ಎರಡನೆಯ ಆಲ್ಬಮನ್ನು ಇವೆರಡರ ನಡುವೆ, ಆಗಸ್ಟ್‌ನಲ್ಲಿ ಹೊರತಂದರು. ಅದೂ ಹಾಲಿವುಡ್ ಬೇಸಿಕ್ ಎಂಬ ಸಂಸ್ಥೆಯಿಂದ, ಅಂದರೆ ಡಿಸ್ನಿಯ ಒಡೆತನದಲ್ಲಿದ್ದ ಹಾಲಿವುಡ್ ರೆಕಾರ್ಡ್ಸ್‌ನ ರ‍್ಯಾಪ್ ವಿಭಾಗದಿಂದ. ಮಿಕ್ಕಿ ಮೌಸಿನ ಮನೆಯಿಂದ ಇಷ್ಟು ಕತ್ತಲಿನ ಆಲ್ಬಮ್ ಹೊರಬಂದಿತೆಂಬುದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಎರಡನೆಯ ಸುತ್ತಿನಲ್ಲಿ ನನ್ನ ಹಳೆಯ ತೀರ್ಪು ಎಲ್ಲಿ ತಪ್ಪಿತ್ತೆಂಬುದು ಗೊತ್ತಾಯಿತು. ಹೈಸ್ಕೂಲಿನ ಕನ್ನಡ ಮೇಷ್ಟ್ರು ಕಲಿಸಿದ ಆದಿಪ್ರಾಸದಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು, ಅದರ ಮೇಲಿನ ಸ್ವರ ಬದಲಾಗಬಹುದು. ಈ ರ‍್ಯಾಪ್‌ನಲ್ಲಿ ಲೆಕ್ಕ ತಲೆಕೆಳಗು: ಸ್ವರಗಳ ಸಾಲು ಹೊಂದಿದರೆ ಸಾಕು, ವ್ಯಂಜನ ಹೇಗಿದ್ದರೂ ನಡೆಯುತ್ತದೆ. ನಾನು ಅಂದು ವ್ಯಂಜನಗಳಿಗಾಗಿ ಕಿವಿಗೊಟ್ಟು, ಸಾಲಿನ ತುದಿಯಲ್ಲಿ ಸಿಕ್ಕಿದ್ದನ್ನಷ್ಟೇ ಎಣಿಸಿ, ಫ್ಯಾರೋ ಮಾಂಚ್‌ಗೆ ಪ್ರಾಸವೇ ಬರುವುದಿಲ್ಲವೆಂದುಕೊಂಡಿದ್ದೆ. ಸ್ವರಕ್ಕೊಂದು ಬಣ್ಣವೆಂದು ಗುರುತು ಹಾಕುತ್ತ ಹೋದಾಗ ಪುಟದ ತುಂಬ ಬಣ್ಣ ಹರಡಿತು. ತುದಿಗಿಂತ ಸಾಲಿನ ಹೊಟ್ಟೆಯಲ್ಲೇ ಹೆಚ್ಚು ಪ್ರಾಸಗಳಿದ್ದವು. ಹಸಿರು ಪೆನ್ಸಿಲ್ ಆ ಒಂದೇ ಆಲ್ಬಮ್‌ಗೆ ಅರ್ಧ ಸವೆಯಿತು.

ಈ ಆಲ್ಬಮ್‌ನಲ್ಲಿ ‘ಸ್ಟ್ರೇ ಬುಲೆಟ್’ ಎಂಬ ಹಾಡಿದೆ. ಗುರಿ ತಪ್ಪಿದ ಗುಂಡೇ ಅದರ ನಿರೂಪಕ. ಬಂದೂಕಿನ ಕುದುರೆಯ (ಟ್ರಿಗರ್) ಮೇಲೆ ಬೆರಳಿನ ಒತ್ತಡ ಬೀಳುವುದು, ಯಂತ್ರ ಅದಕ್ಕೆ ಸ್ಪಂದಿಸುವುದು, ಬೆಂಕಿ ಹೊತ್ತಿಕೊಳ್ಳುವುದು, ನಳಿಗೆಯ ಕೊನೆಯಲ್ಲಿ ಬೆಳಕು ಕಾಣುವುದು, ಕೊನೆಗೆ ಮಕ್ಕಳು ಆಡುತ್ತಿರುವ ಮೈದಾನ ಎದುರಾಗುವುದು, ಎಲ್ಲವನ್ನೂ ಗುಂಡು ಯಾವ ಮರುಕವೂ ಇಲ್ಲದೆ ವರದಿ ಮಾಡುತ್ತದೆ. ಬಂದೂಕೇ ಮಾತನಾಡುವ ನಾಸ್‌ನ ‘ಐ ಗೇವ್ ಯೂ ಪವರ್’ ಎಲ್ಲರಿಗೂ ಗೊತ್ತು. ಅದು 1996ರದು, ಇದು ಅದಕ್ಕಿಂತ ಎರಡು ವರ್ಷ ಹಳೆಯದು. ಮೊದಲ ಸಾಲುಗಳ ಭಾವವನ್ನು ನನ್ನ ಪುಸ್ತಕಕ್ಕೆಂದು ಕನ್ನಡದಲ್ಲಿ ಬರೆದುಕೊಳ್ಳಲು ಹೋದಾಗ ಒಂದು ತೊಡಕು ಎದುರಾಯಿತು. ನಮ್ಮ ಕ್ರಿಯಾಪದ ಕೊನೆಗೆ ಬರುವುದರಿಂದ, ವಾಕ್ಯ ಮುಗಿಯುವವರೆಗೂ ಗುಂಡು ನಳಿಗೆಯೊಳಗೇ ಉಳಿದುಬಿಟ್ಟಿತು. ಇಂಗ್ಲಿಷ್‌ನಲ್ಲಿ ಅದು ವಾಕ್ಯದ ನಡುವೆಯೇ ಹೊರಟು, ಉಳಿದ ವಾಕ್ಯ ಅದರ ಬೆನ್ನಟ್ಟಿ ಓಡುತ್ತದೆ. ನಾಲ್ಕು ಸಲ ಬರೆದು ಹೊಡೆದುಹಾಕಿದ ಆ ಪುಟವನ್ನು ಹಾಗೆಯೇ ಬಿಟ್ಟಿದ್ದೇನೆ.

ಫೆಬ್ರವರಿಯದು ಡಿಗಬಲ್ ಪ್ಲಾನೆಟ್ಸ್ ತಂಡದ ‘ಬ್ಲೋಔಟ್ ಕೋಂಬ್’. ಇದೂ 1994ರದೇ, ಅಕ್ಟೋಬರ್ ತಿಂಗಳದು. ಹಿಂದಿನ ವರ್ಷದ ಮೊದಲ ಆಲ್ಬಮ್‌ನ ಹಾಡೊಂದಕ್ಕೆ ಗ್ರ್ಯಾಮಿ ಬಂದಿತ್ತು. ಕೇಳುಗರು ಅಂಥದೇ ಮತ್ತೊಂದು ಹಗುರ ಹಾಡಿಗಾಗಿ ಕಾಯುತ್ತಿದ್ದರು. ತಂಡ ಅದನ್ನು ಕೊಡಲಿಲ್ಲ. ಬ್ರೂಕ್ಲಿನ್ನಿನ ಫೋರ್ಟ್ ಗ್ರೀನ್ ಸುತ್ತಮುತ್ತಲಿನ ಬೀದಿಗಳು, ಕಪ್ಪು ರಾಜಕಾರಣ, ಎಡಪಂಥೀಯ ಮಾತು, ವಾದ್ಯಗಳ ನಿಧಾನದ ಹರಿವು, ಇವಷ್ಟೇ ಅಲ್ಲಿದ್ದವು. ಆಲ್ಬಮ್ ಹಿಂದಿನದರಷ್ಟು ಮಾರಾಟವಾಗಲಿಲ್ಲ, ಮರುವರ್ಷ ತಂಡವೇ ಒಡೆಯಿತು.

‘ಧ್ವನಿಗಳು ಸಂಗೀತದಲ್ಲಿ ಮುಳುಗಿಹೋಗಿವೆ, ಮಿಶ್ರಣ ಸರಿಯಿಲ್ಲ’ ಎಂದು ಮೊದಲ ಸುತ್ತಿನ ಟಿಪ್ಪಣಿಯಲ್ಲಿ ಬರೆದಿದ್ದೇನೆ. ಮೂರನೆಯ ಸುತ್ತಿನಲ್ಲಿ, ಕೆರೆಯ ಏರಿಯ ಮೇಲೆ ನಡೆಯುತ್ತ ‘ಬರೋ ಚೆಕ್’ ಕೇಳುವಾಗ ಆ ಟಿಪ್ಪಣಿಯನ್ನು ಹಿಂತೆಗೆದುಕೊಂಡೆ. ರಾಯ್ ಏಯರ್ಸ್‌ನ ಬ್ರೂಕ್ಲಿನ್ ಕುರಿತ ಹಳೆಯ ಹಾಡಿನ ತುಣುಕೊಂದು ಅದರ ತಳದಲ್ಲಿದೆ. ಮೇಲೆ ತಂಡದ ಮೂವರ ಧ್ವನಿಗಳೂ ಅತಿಥಿಯಾಗಿ ಬಂದ ‘ಗುರು’ ಎಂಬ ಹೆಸರಿನ ರ‍್ಯಾಪರ್‌ನ ಧ್ವನಿಯೂ ಇವೆ. ಆ ಧ್ವನಿಗಳು ಸಂಗೀತದ ಮೇಲೆ ಕೂತಿಲ್ಲ, ತಂಬೂರಿಯ ಹಾಗೆ ಅದರೊಳಗೆ ಬೆರೆತಿವೆ. ಮಾತನ್ನು ಮುಂದಿಡುವ ರ‍್ಯಾಪ್‌ಗೆ ಒಗ್ಗಿದ ಕಿವಿಗೆ ಇದು ದೋಷವಾಗಿ ಕೇಳಿಸುವುದು ಸಹಜ. ಈವರೆಗೆ ಕೇಳಿದವುಗಳಲ್ಲಿ ನನ್ನ ಮನಸ್ಸನ್ನು ಅತಿ ಹೆಚ್ಚು ಬದಲಿಸಿದ್ದು ಇದೇ.

ಮಾರ್ಚ್ ತಿಂಗಳ ಗ್ರೂಪ್ ಹೋಮ್ ಜೋಡಿಯ ‘ಲಿವಿನ್ ಪ್ರೂಫ್’ (1995) ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಗೀತ ನಿರ್ಮಾಪಕ ಡಿಜೆ ಪ್ರೀಮಿಯರ್ ತನ್ನ ಅತ್ಯುತ್ತಮ ಬೀಟ್‌ಗಳನ್ನು (ಮಾತಿನ ಹಿಂದಿನ ತಾಳ-ಸಂಗೀತವನ್ನು) ಸಾಧಾರಣ ರ‍್ಯಾಪರ್‌ಗಳಿಗೆ ಕೊಟ್ಟು ವ್ಯರ್ಥ ಮಾಡಿದನೆಂಬುದು ಅದರ ಮೇಲಿನ ಹಳೆಯ ದೂರು. ಮೂರು ಸುತ್ತಿನ ಬಳಿಕ ಆ ದೂರಿನ ಮುಕ್ಕಾಲು ಪಾಲನ್ನು ನಾನೂ ಒಪ್ಪುತ್ತೇನೆ. ಉಳಿದ ಕಾಲು ಪಾಲು ಜೋಡಿಯಲ್ಲೊಬ್ಬನಾದ ಲಿಲ್ ಡ್ಯಾಪ್‌ನ ಒರಟು, ಏರಿಳಿತವಿಲ್ಲದ ದನಿಗೆ ಸಲ್ಲಬೇಕು. ಅದು ಆ ಖಾಲಿ ಖಾಲಿ ಪಿಯಾನೋ ತುಣುಕುಗಳಿಗೆ ಹೊಂದುತ್ತದೆ. ಎರಡನೆಯ ಸುತ್ತಿನಲ್ಲಿ ಪೆನ್ಸಿಲ್‌ಗಳಿಗೆ ಕೆಲಸವೇ ಇರಲಿಲ್ಲ.

ಫಿಲಡೆಲ್ಫಿಯಾದ ಬಹಮಾಡಿಯಾ 1996ರಲ್ಲಿ ಹೊರತಂದ ‘ಕೊಲಾಜ್’ ಏಪ್ರಿಲ್‌ನದು. ಅದೇ ವರ್ಷದ ನವೆಂಬರ್‌ನಲ್ಲಿ ಲಿಲ್ ಕಿಮ್ ಮತ್ತು ಫಾಕ್ಸಿ ಬ್ರೌನ್ ಇಬ್ಬರ ಮೊದಲ ಆಲ್ಬಮ್‌ಗಳು ಬಂದು, ಮಹಿಳಾ ರ‍್ಯಾಪರ್ ಎಂದರೆ ಹೀಗಿರಬೇಕೆಂಬ ಅಚ್ಚೊಂದನ್ನು ಮಾರುಕಟ್ಟೆ ಎರಕಹೊಯ್ದುಕೊಂಡಿತು; ಬಹಮಾಡಿಯಾ ಆ ಅಚ್ಚಿಗೆ ಸೇರುವವಳಲ್ಲ. ಅವಳು ದನಿ ಏರಿಸುವುದಿಲ್ಲ. ‘ಸ್ಪಾಂಟೇನಿಟಿ’ ಹಾಡಿನಲ್ಲಿ ಉಸಿರಿಗಿಂತ ತುಸು ಗಟ್ಟಿಯಾದ ದನಿಯಲ್ಲಿ, ತಾಳದ ಪೆಟ್ಟು ಬಿದ್ದ ಮೇಲೆ ಒಂದು ಕೂದಲೆಳೆಯಷ್ಟು ತಡೆದು ಮಾತು ಆರಂಭಿಸುತ್ತಾಳೆ. ತಾಳ ಹೊರಟ ಮೇಲೆ ಹಾಡು ಹೊರಡುವ ಅನಾಗತ ಎಡುಪನ್ನು ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ಕೇಳಿ ಬಲ್ಲವರಿಗೆ ಈ ಸುಖ ಹೊಸದಾಗಿರಲಾರದು. ಇವಳ ಪಕ್ಕದಲ್ಲಿ ಅಂದಿನ ಎಷ್ಟೋ ದೊಡ್ಡ ಹೆಸರಿನವರು ಕಿರುಚಿದಂತೆ ಕೇಳುತ್ತಾರೆ. ಮೂರನೆಯ ಸುತ್ತಿಗೆ ನಿಯಮ ಮುರಿದು ನಾಲ್ಕನೆಯದನ್ನೂ ಸೇರಿಸಿದೆ.

ಮೇ ತಿಂಗಳಲ್ಲಿ ಕೆಲಸ ಕೆಟ್ಟಿತು. ಪ್ರಿನ್ಸ್ ಪಾಲ್‌ನ ‘ಎ ಪ್ರಿನ್ಸ್ ಅಮಂಗ್ ಥೀವ್ಸ್’ (1999) ಆಲ್ಬಮ್ ಎನ್ನುವುದಕ್ಕಿಂತ ಕಿವಿಯಿಂದ ನೋಡುವ ನಾಟಕ. ರ‍್ಯಾಪರ್ ಆಗಬೇಕೆಂದಿರುವ ತಾರಿಕ್ ಎಂಬ ಹುಡುಗ ತನ್ನ ಡೆಮೊ (ಮಾದರಿ ಧ್ವನಿಮುದ್ರಣ) ಮುಗಿಸಲು ಸಾವಿರ ಡಾಲರ್ ಹೊಂದಿಸಬೇಕು. ಗೆಳೆಯ ಟ್ರೂ ಅವನನ್ನು ಮಾದಕವಸ್ತುಗಳ ವ್ಯಾಪಾರಕ್ಕೆ ಇಳಿಸುತ್ತಾನೆ. ಕೊನೆಗೆ ಅದೇ ಗೆಳೆಯ ಮೋಸ ಮಾಡುತ್ತಾನೆ. ಕೂಲ್ ಕೀತ್ ಆಯುಧ ಮಾರುವವನಾಗಿ, ಎವರ್‌ಲಾಸ್ಟ್ ಭ್ರಷ್ಟ ಪೊಲೀಸನಾಗಿ, ಬಿಗ್ ಡ್ಯಾಡಿ ಕೇನ್ ತಲೆಹಿಡುಕನಾಗಿ ಪಾತ್ರ ಕಟ್ಟಿದ್ದಾರೆ. ಇಂಥದ್ದನ್ನು ನಾನು ಮೊದಲ ಸುತ್ತಿನಲ್ಲಿ ಪೂರ್ತಿ ಕಲಸಿದ ಕ್ರಮದಲ್ಲಿ ಕೇಳಿದ್ದೆ. ಆ್ಯಪ್‌ನಲ್ಲಿ ಶಫಲ್ ಗುಂಡಿ ಒತ್ತಿಕೊಂಡಿದ್ದುದು ಗಮನಕ್ಕೆ ಬಂದಿರಲಿಲ್ಲ. ಮೋಸ ಹೋದವನು ಆಮೇಲೆ ಅದೇ ಗೆಳೆಯನನ್ನು ನಂಬಿ ಹಣ ಕೇಳುತ್ತಿದ್ದ. ‘ಕಾಲವನ್ನು ಒಡೆದು ಕಟ್ಟಿದ ದಿಟ್ಟ ಪ್ರಯೋಗ’ ಎಂದು ಅರ್ಧ ಪುಟ ಮೆಚ್ಚುಗೆಯನ್ನೂ ಬರೆದಿದ್ದೆ. ಆ ಅರ್ಧ ಪುಟವನ್ನು ಹರಿಯದೆ ಉಳಿಸಿಕೊಂಡಿದ್ದೇನೆ, ಯಾರಿಗೂ ತೋರಿಸುವುದಿಲ್ಲ.

ಸರಿಯಾದ ಕ್ರಮದಲ್ಲಿ ಕೇಳಿದಾಗ ‘ಮೋರ್ ದ್ಯಾನ್ ಯೂ ನೋ’ ಹಾಡಿನ ಪೆಟ್ಟು ತಿಳಿಯಿತು. ಡಿ ಲಾ ಸೋಲ್ ತಂಡ ಹಾಡುವ ಇದು ಬಿಡಿಯಾಗಿ ಕೇಳಿದರೆ ಅಪ್ಪಟ ಪ್ರೇಮಗೀತೆ. ಕಥೆಯೊಳಗೆ ಬಂದಾಗ ಆ ಪ್ರೇಯಸಿ ಕ್ರ್ಯಾಕ್ ಕೊಕೇನ್ ಎಂದು ಗೊತ್ತಾಗುತ್ತದೆ. ಬಿಡಿ ಹಾಡಾಗಿ ರೇಡಿಯೊದಲ್ಲಿ ಹಾಕಿದರೆ ಅರ್ಥವೇ ಸೋರಿಹೋಗುವ ಇಂಥ ಹಾಡುಗಳಿಂದ ಕಟ್ಟಿದ ಆಲ್ಬಮ್ ದೊಡ್ಡದಾಗಿ ಮಾರಾಟವಾಗದಿದ್ದುದರಲ್ಲಿ ಆಶ್ಚರ್ಯವಿಲ್ಲ. ನಡುವಿನ ಸಂಭಾಷಣೆಗಳು ಕೆಲವೆಡೆ ಉದ್ದವಾದವೆಂಬ ನನ್ನ ಆಕ್ಷೇಪ ಮಾತ್ರ ಮೂರೂ ಸುತ್ತಿನಲ್ಲಿ ಉಳಿಯಿತು.

ಈ ತಿಂಗಳು ಕೈಯಲ್ಲಿರುವುದು ಮಾಸ್ಟಾ ಏಸ್‌ನ ‘ಡಿಸ್ಪೋಸಬಲ್ ಆರ್ಟ್ಸ್’. 1988ರ ‘ದ ಸಿಂಫನಿ’ ಹಾಡಿನಲ್ಲಿ ಗುರುತಾದ ಈತ ಹಿಂದಿನ ಆಲ್ಬಮ್ ಬಂದ ಆರು ವರ್ಷಗಳ ಬಳಿಕ 2001ರಲ್ಲಿ ಇದನ್ನು ತಂದ. ಹೊರತಂದ ಸಂಸ್ಥೆ ಸ್ವಲ್ಪ ಕಾಲದಲ್ಲೇ ಬಾಗಿಲು ಹಾಕಿತು. ಇದೂ ಕಥೆಯೇ: ಜೈಲಿನಿಂದ ಬಿಡುಗಡೆಯಾಗಿ ಬ್ರೂಕ್ಲಿನ್‌ಗೆ ಮರಳಿದವನೊಬ್ಬ, ರ‍್ಯಾಪ್ ಕಲಿಸುವ ಕಾಲ್ಪನಿಕ ಕಾಲೇಜೊಂದಕ್ಕೆ ಸೇರುತ್ತಾನೆ. ‘ಟೇಕ್ ಎ ವಾಕ್’ ಹಾಡಿನಲ್ಲಿ ತನ್ನ ಬೀದಿಯಲ್ಲಿ ನಮ್ಮನ್ನು ಕರೆದುಕೊಂಡು ನಡೆಯುತ್ತಾನೆ. ‘ಅನ್‌ಫ್ರೆಂಡ್ಲಿ ಗೇಮ್’ನಲ್ಲಿ ಮಾದಕವಸ್ತು ಮಾರುವವರ ಗುಂಪನ್ನು ಆಟದ ತಂಡವಾಗಿ ಬಿಡಿಸಿಡುತ್ತಾನೆ. ಫ್ಯಾರೋ ಮಾಂಚ್‌ನ ಪಕ್ಕದಲ್ಲಿಟ್ಟರೆ ಈತನ ಪ್ರಾಸ ಸರಳ, ಆದರೆ ಒಂದೇ ಒಂದು ಪದವೂ ಕಿವಿಯಿಂದ ಜಾರುವುದಿಲ್ಲ. ಎರಡನೆಯ ಸುತ್ತಿನಲ್ಲಿ ಸಾಹಿತ್ಯದ ಹಾಳೆಯ ಅಗತ್ಯವೇ ಬೀಳಲಿಲ್ಲ. ‘ಟೇಕ್ ಎ ವಾಕ್’ ಹಾಡನ್ನು ನಡೆಯುತ್ತಲೇ ಕೇಳಬೇಕೆಂದು ಮೂರನೆಯ ಸುತ್ತಿಗೆ ಕಾಯುತ್ತಿದ್ದೇನೆ, ಆದರೆ ನಾಲ್ಕು ದಿನಗಳಿಂದ ಸಂಜೆಯಾಗುತ್ತಲೇ ಮಳೆ ಹಿಡಿಯುತ್ತಿದೆ.